ಅರ್ಧ ನಿನ್ನ ಬಳಿ

ಮಾರ್ಚ್ 4

ಚಿನಕುರಳಿ,

'ಇವರ ದನಿಗೆ ಅವರ ಕಿವಿ ಜೋಡಿಸಿ ಕೂತೆ.' ಇದರ ಮುಂದಿನ ಸಾಲು ಏನು? ಒಂದು ವಾರದಿಂದ ಅದನ್ನೇ ಜಗಿಯುತ್ತಿದ್ದೇನೆ. 'ನನ್ನ ಮಾತಿಗೆ ಮಾತ್ರ ಕಿವಿ ಸಿಗಲಿಲ್ಲ' ಎಂದು ನೆನಪು ಹೇಳುತ್ತದೆ, ಆದರೆ ನನಗೆ ಗುಮಾನಿ. ಅಮ್ಮ ಹಾಗೆ ಗೋಳಾಡುವವಳಲ್ಲ. ಇದು ನಾನೇ ಹೊಲಿದು ಸೇರಿಸಿದ ತುಂಡು ಇರಬೇಕು.

ಹದಿನೇಳು ವರ್ಷದ ಮೇಲೆ ಬರೆಯುವ ಪತ್ರ ಹೀಗೆ ಶುರುವಾಗಬಾರದು, ಮೊದಲು ಕ್ಷೇಮ ಸಮಾಚಾರ ಕೇಳಬೇಕು. ಕೇಳುತ್ತಿದ್ದೇನೆ: ಚೆನ್ನಾಗಿದ್ದೀಯಾ? ನಿನ್ನ ವಿಳಾಸ ಮಾವ ಕೊಟ್ಟರು. ಕನ್ನಡಕದ ಅಂಗಡಿಯಲ್ಲಿ ಗಾಜು ಅರೆದು ಕೂರಿಸುವ ಕೆಲಸವೆಲ್ಲ ನಿನ್ನದೇ ಉಸ್ತುವಾರಿಯಂತೆ. ನಾನು ಇನ್ನೂ ಅದೇ ಕಾಲೇಜಿನ ಲೈಬ್ರರಿಯಲ್ಲಿ ಪುಸ್ತಕಗಳ ಬೆನ್ನಿಗೆ ನಂಬರ್ ಅಂಟಿಸುತ್ತಿದ್ದೇನೆ. ಮನೆ ಮಾತ್ರ ಬದಲಾಗಿದೆ.

ವಿಷಯಕ್ಕೆ ಬರುತ್ತೇನೆ. ಅಮ್ಮನ ಚೀಟಿಗಳನ್ನೆಲ್ಲ ಟೈಪ್ ಮಾಡಿ ಇಟ್ಟ ಇಮೇಲ್ ಖಾತೆ ಇದೆಯಲ್ಲ, ಆ ಕಂಪನಿ ಏಪ್ರಿಲ್ ಮೂವತ್ತಕ್ಕೆ ಬಾಗಿಲು ಹಾಕುತ್ತಿದೆ. ಪತ್ರಿಕೆಯ ಒಳಪುಟದಲ್ಲಿ ಬೆರಳುದ್ದದ ಸುದ್ದಿ. ಅಷ್ಟರೊಳಗೆ ತೆಗೆದುಕೊಳ್ಳದಿದ್ದರೆ ಒಳಗಿರುವುದೆಲ್ಲ ಅಳಿಸಿಹೋಗುತ್ತದೆ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತಾರು ವರ್ಷ, ಒಂದು ಟ್ರಂಕ್ ಕಾಲಿಗೂ ಇನ್ನೊಂದಕ್ಕೂ ನಡುವೆ ಸಿಕ್ಕ ನಿಮಿಷದಲ್ಲಿ, ಕರೆಯ ಚೀಟಿಗಳ ಬೆನ್ನ ಮೇಲೆ ಅವಳು ಬರೆದ ಮುನ್ನೂರ ಹನ್ನೆರಡು ಪದ್ಯಗಳು. ಮೂಲ ಚೀಟಿಗಳು ಈಗ ಇಲ್ಲ. ಆ ಮಾತು ಬೇಡ. ಉಳಿದಿರುವುದು ಇದೊಂದೇ.

ಪಾಸ್‌ವರ್ಡ್ ಇಟ್ಟ ದಿನ ನೆನಪಿದೆಯೇ? ಕೊನೆಯ ಚೀಟಿ ಟೈಪ್ ಮಾಡಿ ಮುಗಿಸಿದ್ದೆವು. ನಾನು ಎಲ್ಲೋ ಒಂದು ಪದ ತಿದ್ದಿದೆ ಎಂದು ನೀನು ಇಂಟರ್ನೆಟ್ ಅಂಗಡಿಯಲ್ಲೇ ರಂಪ ಮಾಡಿದೆ. 'ಎಂ.ಎ. ಮಾಡಿದ್ದೀಯ ಅಂತ ಅಮ್ಮಂಗೇ ಮಾರ್ಕ್ಸ್ ಹಾಕ್ತೀಯಾ?' ಎಂದೆ. ಕೊನೆಗೆ ಇಬ್ಬರೂ ಸೇರಿ ಒಂದು ನ್ಯಾಯ ಮಾಡಿಕೊಂಡೆವು. ಹೊಸ ಪಾಸ್‌ವರ್ಡಿನ ಮೊದಲರ್ಧ ನೀನು, ಉಳಿದರ್ಧ ನಾನು. ಒಬ್ಬಳು ಒತ್ತುವಾಗ ಇನ್ನೊಬ್ಬಳು ಬೆನ್ನು ತಿರುಗಿಸಿ ನಿಲ್ಲಬೇಕು. ಒಬ್ಬಳೇ ಒಳಗೆ ಹೋಗಿ ಒಂದಕ್ಷರವನ್ನೂ ಮುಟ್ಟುವ ಹಾಗಿಲ್ಲ. ಅಂಗಡಿಯವನು ನಕ್ಕಿದ್ದ: 'ಬ್ಯಾಂಕ್ ಲಾಕರ್‌ಗೂ ಇಷ್ಟು ಕಾವಲಿಲ್ಲ ಮೇಡಂ.'

ನನ್ನ ಅರ್ಧ ನನಗೆ ಚೆನ್ನಾಗಿ ನೆನಪಿದೆ. ನಿನ್ನದನ್ನು ಬರೆದು ಕಳಿಸು. ಅಷ್ಟು ಸಾಕು.

ಅಕ್ಕ

ಮಾರ್ಚ್ 12

ಅಕ್ಕ,

ಕಾಗದ ಬಂತು. ಚೆನ್ನಾಗಿದ್ದೇನೆ. ನನ್ನ ಅರ್ಧ ನನಗೆ ನೆನಪಿಲ್ಲ. ಒಂದೇ ದಿನ ಟೈಪ್ ಮಾಡಿದ್ದು, ಹದಿನೇಳು ವರ್ಷವಾಯಿತು. ಹಣೆಯ ಮೇಲೆ ಏರಿಸಿಕೊಂಡ ಕನ್ನಡಕವನ್ನೇ ಅಂಗಡಿ ತುಂಬ ಹುಡುಕುವವಳು ನಾನು. ಬೇರೆ ದಾರಿ ನೋಡಿಕೋ.

ಮಾರ್ಚ್ 17

ಚಿನಕುರಳಿ,

ನಿನ್ನ ಕಾರ್ಡನ್ನು ಎದುರುಮನೆಯ ಡ್ರಾಯಿಂಗ್ ಮೇಷ್ಟ್ರು ಮೇಲೆ ತಂದುಕೊಟ್ಟರು. ನಿವೃತ್ತರಾದ ಮೇಲೆ ಕಟ್ಟಡದ ಕೆಳಗಿನ ಅಂಚೆಪೆಟ್ಟಿಗೆಗಳ ಮೇಲೆ ಅವರದೇ ಕಣ್ಣು. 'ನಾನು ಓದಿಲ್ಲಮ್ಮ. ಕಾರ್ಡಲ್ವಾ, ಅದೇ ಬಂದು ಕಣ್ಣಿಗೆ ಬಿತ್ತು' ಎಂದರು. ಇನ್ನು ಮೇಲೆ ಲಕೋಟೆಯಲ್ಲಿ ಬರೆ.

ನೆನಪಿಲ್ಲ ಎಂಬ ಮಾತನ್ನು ನಾನು ನಂಬುವುದಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ನಿನ್ನ ಪೆನ್ಸಿಲ್ ಮುರಿದವಳ ಹೆಸರನ್ನು ಅವಳಪ್ಪನ ಸ್ಕೂಟರ್ ನಂಬರ್ ಸಮೇತ ಹೇಳುತ್ತಿದ್ದವಳು ನೀನು. ಕೊಡಲು ಮನಸ್ಸಿಲ್ಲ ಅನ್ನು, ಒಪ್ಪುತ್ತೇನೆ.

ಬೇರೆ ದಾರಿ ನೋಡಿದೆ. ಕಂಪನಿಗೆ ಫೋನ್ ಮಾಡಿದೆ. ಮುಕ್ಕಾಲು ಗಂಟೆ ಸಂಗೀತ ಕೇಳಿಸಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು. 'ಮೇಡಂ, ಖಾತೆ ನಿಮ್ಮದೇ ಅನ್ನೋದಕ್ಕೆ ಪುರಾವೆ ಬೇಕು. ನೀವು ಕೊಟ್ಟಿರೋ ನಂಬರಿಗೆ ಕೋಡ್ ಕಳಿಸ್ತೀವಿ.' ನಾವು ಕೊಟ್ಟಿದ್ದು ಹಳೆಯ ಮನೆಯ ಫೋನ್ ನಂಬರ್. ಅದಕ್ಕೂ ಮಾಡಿ ನೋಡಿದೆ. ಅದೀಗ ಯಾರೋ ಹಲ್ಲಿನ ಡಾಕ್ಟರ ಬಳಿ ಇದೆ. ಎತ್ತಿದವಳಿಗೆ ನಮ್ಮ ಕಥೆಯನ್ನೆಲ್ಲ ಹೇಳಿ, ಕೋಡ್ ಏನಾದರೂ ಬಂದರೆ ತಿಳಿಸುತ್ತೀರಾ ಎಂದು ಕೇಳಿದೆ. ಅವಳು ಸಮಾಧಾನವಾಗಿ ಕೇಳಿಸಿಕೊಂಡು, 'ನೋವು ಮೇಲಿನ ಹಲ್ಲಿಗಾ, ಕೆಳಗಿನದಕ್ಕಾ?' ಎಂದಳು.

ಕಂಪನಿಯ ಹುಡುಗಿಗೆ ಮತ್ತೆ ಮಾಡಿದೆ. 'ತೀರಿಕೊಂಡ ನಮ್ಮಮ್ಮನ ಪದ್ಯಗಳಮ್ಮ ಅವು' ಎಂದೆ. ಅವಳ ಉತ್ತರ: 'ನಂಗೂ ಬೇಜಾರಾಗತ್ತೆ ಮೇಡಂ. ಆದ್ರೆ ನನ್ನ ಮುಂದೆ ಇರೋ ಫಾರಮ್ಮಲ್ಲಿ ಅದನ್ನ ಬರೆಯೋಕೆ ಜಾಗ ಇಲ್ಲ.' ಅವಳನ್ನು ಬೈಯಲು ಬಾಯಿ ಬರಲಿಲ್ಲ. ಅಮ್ಮನೂ ಹೀಗೇ ಕೂತಿದ್ದವಳಲ್ಲವೇ, ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ಕಾಣದವರ ಬೈಗುಳ ಕೇಳುತ್ತ.

ದಿನಕ್ಕೆ ಮೂರು ಅವಕಾಶ. ಮೂರೂ ತಪ್ಪಾದರೆ ಮಾರನೆಯ ದಿನದವರೆಗೆ ಬಾಗಿಲು ಬಂದ್. ಲೈಬ್ರರಿಯ ಹಳೆಯ ಕಾರ್ಡುಗಳ ಹಿಂದೆ ಪಟ್ಟಿ ಮಾಡಿಕೊಂಡಿದ್ದೇನೆ: ನೀನು ಸಾಕಿದ ಬೆಕ್ಕು, ನಿನ್ನ ಮೊದಲ ಸೈಕಲ್, ನೀನು ಮೆಚ್ಚಿದ್ದ ಗಣಿತದ ಮೇಷ್ಟ್ರು. (ಮೆಚ್ಚಿದ್ದೆ. ಸುಳ್ಳು ಹೇಳಬೇಡ.) ಈವರೆಗೆ ಮೂವತ್ತಾರು ತಪ್ಪು. ಇನ್ನೂ ನಲವತ್ತನಾಲ್ಕು ದಿನ, ನೂರ ಮೂವತ್ತೆರಡು ಅವಕಾಶ. ನಾನು ಬಿಡುವವಳಲ್ಲ.

ಫೋನ್ ನಂಬರ್ ಕೊಡು. ಮಾತಾಡಿ ಮುಗಿಸೋಣ.

ಅಕ್ಕ

ಮಾರ್ಚ್ 30

ಅಕ್ಕ,

ಫೋನ್ ನಂಬರ್ ಕೊಡುವುದಿಲ್ಲ. ಫೋನಿನಲ್ಲಿ ನೀನು ಮಾತಾಡುತ್ತೀಯ, ನಾನು ಹೂಂ ಅನ್ನುತ್ತೇನೆ. ಕಾಗದದಲ್ಲಾದರೆ ನನಗೂ ಒಂದು ಸರದಿ ಸಿಗುತ್ತದೆ.

ಎರಡು ವಾರ ಉತ್ತರಿಸಬಾರದು ಅಂತಲೇ ಇದ್ದೆ. ನಿನ್ನ ಮೊದಲ ಕಾಗದದ ಒಂದು ಮಾತು ಕಣ್ಣಿಗೆ ಬಿದ್ದ ಗಾಜಿನ ಪುಡಿಯ ಹಾಗೆ ಚುಚ್ಚುತ್ತಿದೆ. 'ಮೂಲ ಚೀಟಿಗಳು ಈಗ ಇಲ್ಲ. ಆ ಮಾತು ಬೇಡ.' ಯಾಕೆ ಬೇಡ? ಯಾರಿಗೆ ಬೇಡ?

ಮಾವನ ಮನೆಯಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. 'ನಿಮ್ಮಮ್ಮನ ಚೀಟಿ ಒಂದೆರಡು ಓದ್ರಮ್ಮ, ಕೇಳೋಣ' ಅಂದರು ಮಾವ. ನೀನು ತಟ್ಟೆಯಿಂದ ತಲೆ ಎತ್ತದೆ ಹೇಳಿದೆ: 'ಅವು ಇವಳ ಹತ್ರ ಇದ್ವು ಮಾವ. ಎಲ್ಲಿ ಹಾಕಿದಳೋ.' ಅತ್ತೆ ಬಡಿಸುತ್ತಿದ್ದ ಸೌಟನ್ನು ಹಾಗೇ ಹಿಡಿದುಕೊಂಡು, 'ಅಯ್ಯೋ, ಹೆತ್ತವಳ ಕೈಬರಹ ಅಲ್ವೇನೇ' ಅಂದರು. ಅವತ್ತಿನಿಂದ ಆ ಮನೆಯಲ್ಲಿ ನಾನು ಅಮ್ಮನ ಚೀಟಿ ಕಳೆದವಳು. ಅವರ ಮಕ್ಕಳ ಮದುವೆಗೂ ನಾನು ಹೋಗಲಿಲ್ಲ, ನಿನಗೆ ಗೊತ್ತು.

ನಿನ್ನ ಕಂಪನಿಯವರು ಪುರಾವೆ ಕೇಳುತ್ತಾರಂತೆ. ನಾನೂ ಕೇಳುತ್ತೇನೆ. ನಿಜವಾಗಿಯೂ ನೀನು ನನ್ನ ಅಕ್ಕನೇ ಆದರೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡು. ಆಮೇಲೆ ಕೂತು ನನ್ನ ಅರ್ಧ ನೆನಪಿಸಿಕೊಳ್ಳಲು ನೋಡುತ್ತೇನೆ.

ಆ ಕಟ್ಟು ಏನಾಯಿತು?

ನಿನಗೂ ಮೂರು ಅವಕಾಶ.

ಏಪ್ರಿಲ್ 4

ಮನೆ ಖಾಲಿ ಮಾಡುವ ಗಡಿಬಿಡಿಯಲ್ಲಿ ಕಳೆದುಹೋಯಿತು. ನುಸಿ ಹತ್ತಬಾರದು ಅಂತ ಅದನ್ನು ಹಳೇ ಪೇಪರಿನಲ್ಲಿ ಸುತ್ತಿ ಇಟ್ಟವಳು ನೀನು. ಯಾರ ಕೈ ಎಲ್ಲಿ ತಪ್ಪಿತೋ ಈಗ ಹೇಳುವವರು ಯಾರು?

ಇಪ್ಪತ್ತಾರು ದಿನ ಉಳಿದಿದೆ. ನಮ್ಮಿಬ್ಬರ ಜಗಳಕ್ಕೆ ಆಯುಷ್ಯ ಬೇಕಾದಷ್ಟಿದೆ, ಆ ಪದ್ಯಗಳಿಗಿಲ್ಲ. ಹಟ ಬಿಡು.

ಅಕ್ಕ

ಏಪ್ರಿಲ್ 9

ಉತ್ತರ ತಪ್ಪು. ಇನ್ನೆರಡು ಅವಕಾಶ ಉಳಿದಿವೆ.

ಏಪ್ರಿಲ್ 14

ಚಿನಕುರಳಿ,

ಈ ಸಲವೂ ನೀನು ಕಾರ್ಡಿನಲ್ಲೇ ಬರೆದೆ. ಮೇಷ್ಟ್ರು ಅದನ್ನು ಕೈಗಿಡುತ್ತ, 'ಇನ್ನೆರಡು ಅವಕಾಶ ಇದೆಯಂತೆ. ನಮ್ಮ ಕಾಲದಲ್ಲಿ ಒಂದೇ ಇರ್ತಿತ್ತು' ಎಂದರು. ಬಾಗಿಲು ಹಾಕಿಕೊಂಡು ಬರೆಯಲು ಕೂತೆ.

ಎರಡು ಕಾಗದ ಬರೆದು ಹರಿದಿದ್ದೇನೆ. ಅವುಗಳಲ್ಲಿ ಭಾಷೆ ಚೆನ್ನಾಗಿತ್ತು. ಇದರಲ್ಲಿ ಇಲ್ಲ, ಸಹಿಸಿಕೋ.

ಕಟ್ಟನ್ನು ಹಳೇ ಪೇಪರಿನವನಿಗೆ ಹಾಕಿದವಳು ನಾನು. ನೀನು ಅವತ್ತು ಕೆಲಸಕ್ಕೆ ಹೋಗಿದ್ದೆ. ಅಟ್ಟದ ಮೇಲಿದ್ದ ಪೇಪರುಗಳನ್ನೆಲ್ಲ ನಾನೇ ಇಳಿಸಿದೆ. ಒಂದು ಕಟ್ಟು ಕೈಗೆ ಗಟ್ಟಿಯಾಗಿ ಸಿಕ್ಕಿತು, ಇದೇನು ಇಷ್ಟು ಬಿಗಿಯಾಗಿ ಸುತ್ತಿದ್ದಾರೆ ಎಂದುಕೊಂಡೆ. ಆಗಲೂ ಬಿಚ್ಚಿ ನೋಡಲಿಲ್ಲ. ಕೆಲಸ ಬೇಗ ಮುಗಿಯಲಿ ಎನಿಸಿತ್ತು. ಅವನು ತಕ್ಕಡಿಗಿಟ್ಟ, ಒಯ್ದ. ಐದನೆಯ ದಿನ ಚೀಟಿಗಳನ್ನು ಹುಡುಕಲು ಅಟ್ಟ ಹತ್ತಿದಾಗ ಆ ಗಟ್ಟಿ ಕಟ್ಟು ಯಾವುದೆಂದು ಹೊಳೆಯಿತು. ಅವನ ಅಂಗಡಿಗೆ ಓಡಿದೆ. ಎಲ್ಲವೂ ಲಾರಿಗೆ ಹೋಗಿ ಎರಡು ದಿನವಾಗಿತ್ತು.

ನಿನಗೆ ಹೇಳಬೇಕೆಂದೇ ಇದ್ದೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದುಕೊಳ್ಳುವಷ್ಟರಲ್ಲಿ ಮಾವ ಆ ಮಾತು ಕೇಳಿದರು. ಹದಿನಾಲ್ಕು ಜನ ನನ್ನನ್ನೇ ನೋಡುತ್ತಿದ್ದರು. ಮನೆಯಲ್ಲಿ ಓದಿದವಳು ನಾನು, ಅಮ್ಮನ ಪದ್ಯ ಅರ್ಥವಾಗುವುದು ನನಗೊಬ್ಬಳಿಗೇ ಎಂದು ಎಲ್ಲರೆದುರು ಹೇಳಿಕೊಂಡು ತಿರುಗಿದವಳೂ ನಾನೇ. ಬಾಯಿಂದ 'ಇವಳ ಹತ್ರ' ಎಂದು ಬಂತು. ಆಡಿದ ಮಾತನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು. ನಾನು ಮಜ್ಜಿಗೆ ಬಡಿಸಿಕೊಂಡೆ.

ಇದು ಉತ್ತರ. ತಪ್ಪು ಎಂದರೆ ಇನ್ನೊಂದು ಇಲ್ಲ ನನ್ನ ಹತ್ತಿರ.

ಹೇಗೂ ಬಾಯಿ ಬಿಟ್ಟಿದ್ದೇನೆ, ಇನ್ನೊಂದನ್ನೂ ಹೇಳಿಬಿಡುತ್ತೇನೆ. ನಿನ್ನ ಅರ್ಧ ನನಗೆ ಗೊತ್ತು. ಅಂಗಡಿಯವನು ಗಿರಾಕಿಗಳ ಮೇಲೆ ಕಣ್ಣಿಡಲು ಎದುರು ಗೋಡೆಗೆ ಕನ್ನಡಿ ಹಾಕಿದ್ದನಲ್ಲ, ಬೆನ್ನು ತಿರುಗಿಸಿ ನಿಂತವಳಿಗೆ ಅದರಲ್ಲಿ ನಿನ್ನ ಬೆರಳು ಕಾಣುತ್ತಿತ್ತು. ನೀನು ಒಂದೇ ಬೆರಳಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಒಂದೊಂದೇ ಅಕ್ಷರ ಹುಡುಕಿ ಒತ್ತಿದೆ. 'ಗೊಣಗಮ್ಮ.' ಇಂಗ್ಲಿಷ್ ಅಕ್ಷರಗಳಲ್ಲಿ. ನಾನು ಬಾಯೊಳಗೇ ಗುನುಗಿಕೊಂಡು ಬರೆಯುತ್ತೇನೆಂದು ನೀನು ಇಟ್ಟಿದ್ದ ಹೆಸರು. ಅಮ್ಮ ಹೋಗಿ ವರ್ಷವಾಗಿರಲಿಲ್ಲ. ಅವಳ ಪದ್ಯಗಳಿಗೆ ನನ್ನನ್ನು ಹಂಗಿಸುವ ಹೆಸರಿನ ಬೀಗ ಹಾಕಿದಳಲ್ಲ ಎಂದು ನನಗೆ ಎಷ್ಟು ನೋವಾಯಿತೆಂದರೆ, ಅವತ್ತು ದಾರಿಯುದ್ದಕ್ಕೂ ನಿನ್ನೊಡನೆ ಮಾತಾಡಲಿಲ್ಲ. ಪದ ತಿದ್ದಿದ ಜಗಳಕ್ಕೇ ಮುನಿಸು ಎಂದು ನೀನು ತಿಳಿದಿದ್ದೆ.

ಆ ಹೆಸರಿನ ಪಕ್ಕಕ್ಕೆ ನನ್ನ ಅರ್ಧ ಸೇರಿಸಿ ಮೊದಲನೆಯ ದಿನವೇ ಒತ್ತಿದ್ದೆ. ಎಕ್ಸ್‌ಚೇಂಜಿನಲ್ಲಿ ಅಮ್ಮನ ಟೋಕನ್ ಸಂಖ್ಯೆ, 417. ತೆರೆಯಲಿಲ್ಲ. ಕನ್ನಡಿಯಲ್ಲಿ ಎಲ್ಲೋ ತಪ್ಪು ನೋಡಿರಬೇಕು. ನಿನ್ನನ್ನು ಕೇಳದೆ ಬೇರೆ ದಾರಿಯಿರಲಿಲ್ಲ, ಕದ್ದು ನೋಡಿದ್ದೆನೆಂದು ಹೇಳಲು ನಾಲಿಗೆ ಏಳಲಿಲ್ಲ.

ಹದಿನಾರು ದಿನ ಇದೆ. ನಾನಿನ್ನೂ ದಿನಕ್ಕೆ ಮೂರು ಸಲ ಬಾಗಿಲು ತಟ್ಟುತ್ತಿದ್ದೇನೆ.

ಅಕ್ಕ

ಏಪ್ರಿಲ್ 19

ಅಕ್ಕ,

ಉತ್ತರ ಸರಿ.

ನನಗೆ ಗೊತ್ತಿತ್ತು. ನೀನು ಪೇಪರ್ ಹಾಕಿದ ಮಾರನೆಯ ಬೆಳಗ್ಗೆ ನಾನು ಕೆಲಸಕ್ಕೆ ಹೊರಟಾಗ ಅವನು ಗೇಟಿನ ಹತ್ತಿರ ನಿಂತಿದ್ದ. 'ಅಮ್ಮಾ, ನಿಮ್ಮನೆ ಕಟ್ಟಿಂದ ಇದೊಂದು ಉದುರ್ತು. ಏನೋ ಬರ್ದವ್ರೆ, ಬೇಕಾಗ್ಬೋದೇನೋ ಅಂತ ತಂದೆ' ಅಂದ. ಒಂದು ಚೀಟಿ. ಕಟ್ಟು ಯಾವುದು ಅಂತ ನನಗೆ ಆಗಲೂ ಹೊಳೆಯಲಿಲ್ಲ. ಒಂದು ಚೀಟಿ ಎಲ್ಲೋ ಪೇಪರಿನೊಳಗೆ ಸೇರಿಕೊಂಡಿತ್ತು ಅಂದುಕೊಂಡು ಪರ್ಸಿನಲ್ಲಿಟ್ಟುಕೊಂಡೆ, ನಿನಗೆ ತೋರಿಸಲು ಮರೆತೆ. ಮಾವನ ಮನೆಯಲ್ಲಿ ನೀನು ಆ ಮಾತಾಡಿದಾಗ ಎಲ್ಲ ಒಟ್ಟಿಗೆ ಅರ್ಥವಾಯಿತು. ಚೀಟಿ ಆಗ ನನ್ನ ಪರ್ಸಿನಲ್ಲೇ ಇತ್ತು. ತೆಗೆದು ಎಲ್ಲರ ಮುಂದೆ ಇಡಬಹುದಿತ್ತು. ಇಡಲಿಲ್ಲ. ನೀನಾಗಿಯೇ ಹೇಳುತ್ತೀಯ ಅಂತ ಕಾದೆ. ಮೊದಲು ಒಂದು ವಾರ ಕಾದೆ. ಆಮೇಲೆ ಕಾಯುವುದೇ ಅಭ್ಯಾಸವಾಯಿತು, ಅದರಲ್ಲಿ ಒಂಥರಾ ಜಂಬವೂ ಬಂತು. ಆ ಪಾಲು ನನ್ನದು.

ಗೊಣಗಮ್ಮ! ಓದಿ ಅಂಗಡಿಯಲ್ಲೇ ಜೋರಾಗಿ ನಕ್ಕೆ. ಕಣ್ಣು ಪರೀಕ್ಷೆಗೆ ಕೂತಿದ್ದವರು ಅಕ್ಷರದ ಬೋರ್ಡು ಬಿಟ್ಟು ನನ್ನನ್ನೇ ನೋಡಿದರು. ದೇವರಾಣೆ ನನಗೆ ನೆನಪಿರಲಿಲ್ಲ. ಅಂದವರು ಮರೆಯುತ್ತಾರೆ, ಅನ್ನಿಸಿಕೊಂಡವರು ಮರೆಯುವುದಿಲ್ಲ ಅಂತ ಅಮ್ಮ ಹೇಳುತ್ತಿದ್ದದ್ದು ಇದಕ್ಕೇ ಇರಬೇಕು. ಹಂಗಿಸಲು ಇಟ್ಟದ್ದಲ್ಲ ಕಣೇ. ಆ ತಿಂಗಳುಗಳಲ್ಲಿ ಮನೆಯಲ್ಲಿ ಅಮ್ಮನ ದನಿ ಇರಲಿಲ್ಲ. ನಿನ್ನ ಗುನುಗೊಂದೇ ಇದ್ದದ್ದು. ಪಕ್ಕದ ಕೋಣೆಯಿಂದ ಅದು ಕೇಳಿಸಿದರೆ ನನಗೆ ನಿದ್ದೆ ಬರುತ್ತಿತ್ತು.

ನೀನು ಕನ್ನಡಿಯಲ್ಲಿ ಸರಿಯಾಗಿಯೇ ನೋಡಿದ್ದೀಯ. ತಪ್ಪಿರುವುದು ನಿನ್ನ ಅರ್ಧ.

417 ಅಲ್ಲ. ನಾನು ಗೋಡೆ ನೋಡುತ್ತ ನಿಂತಿದ್ದೆ, ನೀನು ಒತ್ತುತ್ತ ಗೊಣಗುತ್ತಿದ್ದೆ. ಹೊಸ ಪಾಸ್‌ವರ್ಡನ್ನು ಕಂಪ್ಯೂಟರ್ ಎರಡು ಸಲ ಕೇಳಿತು, ನೀನೂ ಎರಡು ಸಲ ಗೊಣಗಿದೆ. 'ಮೂರು, ಮೂವತ್ತೊಂಬತ್ತು.' ಮೂರನೇ ವಾರ್ಡು, ಮೂವತ್ತೊಂಬತ್ತನೇ ಹಾಸಿಗೆ. ಅಮ್ಮನನ್ನು ನೋಡಲು ಇಪ್ಪತ್ತೆರಡು ದಿನ ಆಸ್ಪತ್ರೆಯ ಕಿಟಕಿಯಲ್ಲಿ ನೀನು ಪಾಸು ಕೇಳುತ್ತಿದ್ದದ್ದು ಹಾಗೆಯೇ. ನೀನು ಅದನ್ನು ಮರೆತಿದ್ದೀಯ ಅಂದರೆ ನನಗೆ ಆಶ್ಚರ್ಯವಿಲ್ಲ. ನಾನು ಮರೆಯಬೇಕೆಂದರೂ ಆಗಿಲ್ಲ.

ಆ ಚೀಟಿ ನನ್ನ ಹತ್ತಿರ ಈಗಲೂ ಇದೆ. ಅದನ್ನು ಅಂಚೆಗೆ ಹಾಕುವ ಧೈರ್ಯ ನನಗಿಲ್ಲ.

ಹೋಗಿ ಒತ್ತು. ಗೊಣಗುತ್ತಲೇ ಒತ್ತು.

ಚಿನಕುರಳಿ

ಏಪ್ರಿಲ್ 25

ಚಿನಕುರಳಿ,

ತೆರೆಯಿತು.

ನಿನ್ನೆ ಊಟದ ಬಿಡುವಿನಲ್ಲಿ, ಲೈಬ್ರರಿಯ ಮೂಲೆಯ ಕಂಪ್ಯೂಟರಿನಲ್ಲಿ. ನೀನಿಟ್ಟ ಹೆಸರು ಒತ್ತಿದೆ, ಆಮೇಲೆ ಮೂರು, ಮೂವತ್ತೊಂಬತ್ತು. ಪಕ್ಕದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿ ತುಟಿಗೆ ಬೆರಳಿಟ್ಟು 'ಶ್' ಎಂದಳು. ಇಪ್ಪತ್ತು ವರ್ಷದಿಂದ ಆ ಕೋಣೆಯಲ್ಲಿ 'ಶ್' ಎನ್ನುವ ಕೆಲಸ ನನ್ನದು.

ಆ ಸಂಖ್ಯೆಯನ್ನು ನಾನು ಹೇಗೆ ಮರೆತೆ? ಅದರ ಜಾಗದಲ್ಲಿ ಟೋಕನ್ ಸಂಖ್ಯೆಯನ್ನು ತಂದು ಕೂರಿಸಿ, ಇದೇ ನಿಜ ಎಂದು ಐವತ್ತೊಂದು ದಿನ ಸಾಧಿಸಿದೆನಲ್ಲ. ಅಮ್ಮ ಹಾಸಿಗೆ ಹಿಡಿದದ್ದನ್ನು ತಿದ್ದಿ, ಅವಳನ್ನು ಮತ್ತೆ ಕೆಲಸಕ್ಕೆ ಕಳಿಸಿದ್ದೆ ಅನಿಸುತ್ತದೆ. ತಿದ್ದುವ ಚಟ ನೋಡು, ಅಲ್ಲಿಗೂ ಹೋಗಿದೆ.

ಮುನ್ನೂರ ಹನ್ನೆರಡೂ ಇವೆ. ಎಲ್ಲವನ್ನೂ ಎರಡೆರಡು ಪ್ರತಿ ಅಚ್ಚು ಹಾಕಿಸಿದ್ದೇನೆ. ಒಂದಕ್ಷರ ಮುಟ್ಟಿಲ್ಲ. ನೀನಿಲ್ಲದೆ ಒಳಗೆ ಹೋಗಬಾರದೆಂಬುದು ನಮ್ಮ ಕರಾರು, ಆದ್ದರಿಂದ ಒಂದೇ ಒಂದನ್ನು ಹುಡುಕಿ ಓದಿದೆ. ಬೈಯುವುದಾದರೆ ಬೈಯಿ.

'ಇವರ ದನಿಗೆ ಅವರ ಕಿವಿ ಜೋಡಿಸಿ ಕೂತೆ.
ಕೂಡಿದ ಮೇಲೆ ನಾನು ಕೇಳಬಾರದು.'

ಇಷ್ಟೇ. ಗೋಳಿಲ್ಲ, ದೂರಿಲ್ಲ. ಅವಳ ಕೆಲಸದ ನಿಯಮ ಅದು: ಸಂಪರ್ಕ ಸಿಕ್ಕ ಕೂಡಲೇ ಹೆಡ್‌ಫೋನಿನ ಕೀಲಿ ಎತ್ತಿ, ಅವರ ಮಾತು ತನ್ನ ಕಿವಿಗೆ ಬೀಳದಂತೆ ಮಾಡಬೇಕು. ನಾನು ಅವಳ ಬಾಯಲ್ಲಿಟ್ಟಿದ್ದ ಆ ಗೋಳಿನ ಸಾಲು ನನ್ನದೇ. ಬಹುಶಃ ಇಷ್ಟೂ ವರ್ಷ ನಾನು ಅಮ್ಮನನ್ನು ಓದಿಕೊಂಡದ್ದು ಹೀಗೆಯೇ, ಅರ್ಧ ಅವಳದು, ಅರ್ಧ ನನ್ನದು.

ಮಾವನಿಗೆ ಇವತ್ತು ಬೆಳಗ್ಗೆ ಫೋನ್ ಮಾಡಿ, ಚೀಟಿ ಕಳೆದವಳು ನಾನು ಎಂದು ಹೇಳಿದೆ. ಅವರು, 'ಇದನ್ನ ಅತ್ತೆಗೆ ನೀನೇ ಹೇಳು, ನನ್ನ ಕೈಲಾಗಲ್ಲ' ಎಂದು ಫೋನನ್ನು ಅತ್ತೆಯ ಕೈಗೆ ಕೊಟ್ಟರು. ಅತ್ತೆಗೂ ಹೇಳಿದೆ. ಅವರು ಏನಂದರೆಂದು ಇಲ್ಲಿ ಬರೆಯುವುದಿಲ್ಲ. ಅಂದದ್ದೆಲ್ಲ ಸರಿಯಾಗಿತ್ತು.

ಇನ್ನು ನಿನ್ನ ಹತ್ತಿರ ಇರುವ ಚೀಟಿ. ಅಂಚೆಗೆ ಹಾಕುವ ಧೈರ್ಯವಿಲ್ಲ ಎಂದೆ. ನನ್ನ ಕೈಗೆ ಕೊಡುವ ಧೈರ್ಯವಿಲ್ಲ ಎಂದೇ ಅದರ ಅರ್ಥ. ಒಂದು ಕಟ್ಟನ್ನೇ ಕಳೆದವಳಿಗೆ ಯಾರು ಕೊಡುತ್ತಾರೆ? ನಿನ್ನಲ್ಲೇ ಇರಲಿ. ಅದರಲ್ಲಿ ಏನು ಬರೆದಿದೆ ಎಂದಾದರೂ ಮುಂದಿನ ಕಾಗದದಲ್ಲಿ ತಿಳಿಸು. ಅವಳು ಅಕ್ಷರಗಳನ್ನು ಹೇಗೆ ಬಲಕ್ಕೆ ವಾಲಿಸುತ್ತಿದ್ದಳು, ಪೆನ್ಸಿಲ್ ಎಲ್ಲಿ ಒತ್ತುತ್ತಿತ್ತು, ಇದನ್ನೆಲ್ಲ ನಾನು ಮರೆತಿದ್ದೇ

ಯಾರೋ ಬಾಗಿಲು ಬಡಿಯುತ್ತಿದ್ದಾರೆ. ನೋಡಿ ಬರುತ್ತೇನೆ.

ಈ ಕಾಗದವನ್ನು ಇನ್ನು ಅಂಚೆಗೆ ಹಾಕಬೇಕಾಗಿಲ್ಲ. ಚಪ್ಪಲಿ ಹಾಕಿಕೊಳ್ಳುತ್ತ, ನಿಂತೇ ಬರೆಯುತ್ತಿದ್ದೇನೆ. ಡ್ರಾಯಿಂಗ್ ಮೇಷ್ಟ್ರು ಮೂರು ಮಹಡಿ ಹತ್ತಿದ ಏದುಸಿರಿನಲ್ಲಿ ಬಾಗಿಲ ಚೌಕಟ್ಟು ಹಿಡಿದುಕೊಂಡು ಹೇಳಿದರು:

'ಕೆಳಗೆ ಒಬ್ಬರು ಬ್ಯಾಗ್ ಹಿಡ್ಕೊಂಡು ನಿಂತಿದ್ದಾರಮ್ಮ, ಅಕ್ಕನ ಮನೆಗೆ ಬಂದಿದ್ದಾರಂತೆ. ಮನೆ ನಂಬರ್ ಇರೋ ಕವರನ್ನ ಊರಲ್ಲೇ ಮರ್ತು ಬಂದಿದ್ದಾರಂತೆ. ಆಗ್ಲೇ ಎರಡು ತಪ್ಪು ಬಾಗ್ಲು ತಟ್ಟಿ ಆಯ್ತು. ಇನ್ನೊಂದೇ ಅವಕಾಶ ಉಳಿದಿರೋದು, ಬೇಗ ಇಳೀರಿ.'